ಮಿಸಾವೊ ತುಂಬಿದ ಗುಂಡುಗಳು

ಮಿಸಾವೊ ಜಪಾನಿನ ತೋಕಿ ಊರಿನ ಒಂದೇ ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಚಹಾ ಬಟ್ಟಲುಗಳ ಮೇಲೆ ಹೂ ಬರೆದಳು. ಮಾಲೀಕರಿಗೆ ವಯಸ್ಸಾಗಿ ಭಟ್ಟಿ ಆರಿದಾಗ ಅವಳಿಗೆ ಐವತ್ತೆರಡು. ಗುಡ್ಡದ ಮೇಲಿನ ಪ್ರಯೋಗಾಲಯಕ್ಕೆ ಕೈ ನಡುಗದವರು ಬೇಕಾಗಿದ್ದಾರೆಂದು ಕೇಳಿ ಹೋದಳು. ಅವರು ಸೂಕ್ಷ್ಮದರ್ಶಕದಡಿ ಸಾಸಿವೆಗಿಂತ ಸಣ್ಣ ಪ್ಲಾಸ್ಟಿಕ್ ಗುಂಡೊಂದನ್ನಿಟ್ಟು, ಅದರ ತೂತಿಗೆ ಲೋಹದ ಪುಡಿ ತುಂಬಲು ಹೇಳಿದರು. ತುಂಬಿ ಮುಚ್ಚಿದವಳು ಇನ್ನೊಂದಿದೆಯೇ ಎಂದು ಕೇಳಿದಳು.

ಆ ಗುಂಡುಗಳು ಪಕ್ಕದ ಕಟ್ಟಡದ ದೊಡ್ಡ ಯಂತ್ರಕ್ಕೆ. ಅದರೊಳಗೆ ಸೂರ್ಯನ ಒಡಲಿನಂಥ ಬಿಸಿ ಅನಿಲವನ್ನು ಅಯಸ್ಕಾಂತಗಳು ಗೋಡೆಗೆ ತಾಗದಂತೆ ಹಿಡಿದಿಡುತ್ತವೆ. ಗೋಡೆಯಿಂದೆದ್ದ ಕಸ ನಡುವೆ ಸೇರಿಕೊಂಡರೆ ಬಿಸಿಯೆಲ್ಲ ಬೆಳಕಾಗಿ ಸೋರಿಹೋಗುತ್ತದೆ. ಕಸದ ಓಡಾಟ ತಿಳಿಯಲೆಂದು ವಿಜ್ಞಾನಿಗಳು ತಾವೇ ಅಳೆದ ಕಸವನ್ನು, ಅಂದರೆ ಆ ಲೋಹದ ಪುಡಿಯನ್ನು, ಗುಂಡಿನಲ್ಲಿಟ್ಟು ಅನಿಲದೊಳಕ್ಕೆ ಹೊಡೆಯುತ್ತಿದ್ದರು. ಪ್ಲಾಸ್ಟಿಕ್ ಕವಚ ಅನಿಲದ ಅಂಚಿನಲ್ಲಿ ಉರಿದು, ಪುಡಿ ಒಳಗೆ ಹೋಗಿ ಬಿಚ್ಚಿಕೊಳ್ಳಬೇಕು.

ಒಂದು ಚಳಿಗಾಲ ಪುಡಿ ಅಂಚಿನಲ್ಲೇ ಮಿನುಗತೊಡಗಿತು. ಯುವ ವಿಜ್ಞಾನಿ ಇಚಿಹಾಶಿ ಹಿಗ್ಗಿಹೋದ. ಕಸವನ್ನು ಒಳಗೇ ಬಿಡದ ಹೊಸ ಬಲವೊಂದು ಸಿಕ್ಕಿತೆಂದು ಲೇಖನ ಬರೆದು, ಚಿತ್ರಗಳನ್ನು ಮಿಸಾವೊಗೂ ತೋರಿಸಲು ಬಂದ. ಅವಳು ನೋಡಿದ್ದು ತಾರೀಕುಗಳನ್ನು. ಅವೆಲ್ಲ ಒಣಗಾಳಿಯ ದಿನ ತುಂಬಿದ ಗುಂಡುಗಳು.

"ಬೇಜಾರ್ ಮಾಡ್ಕೋಬೇಡಿ ಸೆನ್ಸೇ. ಆ ಒಣಹವೆಗೆ ನನ್ನ ಸ್ವೆಟರೇ ಚಟಚಟ ಅಂತ ಕರೆಂಟ್ ಹೊಡೀತಿತ್ತು. ಪುಡಿ ಗುಂಡಿನ ಹೊರಗೂ ಮೆತ್ಕೊಂಡಿರ್ಬೇಕು."

"ಮಿಸಾವೊ-ಸಾನ್, ನಾನು ಆಗ್ಲೇ ಹನ್ನೆರಡು ಪುಟ ಬರೆದಿದೀನಿ."

"ಅಕ್ಷರ ಚೆನ್ನಾಗಿದ್ರೆ ಇಟ್ಕೊಳ್ಳಿ."

ಉಳಿದಿದ್ದ ಗುಂಡನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಮೈತುಂಬ ಅದೇ ಪುಡಿ. ಇಚಿಹಾಶಿ ಮತ್ತೊಮ್ಮೆ ಇಣುಕಿ ನೋಡಿದ. ಆಮೇಲೆ ತಾನೇ ನಗತೊಡಗಿದ. ಮಿಸಾವೊ ಕೋಣೆಯಲ್ಲಿ ನೀರಿನ ಆವಿ ಆಡಿಸಿ, ಹೂವಿನ ಎಸಳು ಬರೆಯುತ್ತಿದ್ದ ಕುಂಚವನ್ನು ತೇವ ಮಾಡಿ ಒಂದೊಂದೇ ಗುಂಡನ್ನು ಒರೆಸಿದಳು. ಹತ್ತು ದಿನ ಹಿಡಿಯಿತು.

ಮುಂದಿನ ಪ್ರಯೋಗದಲ್ಲಿ ಅಂಚು ಮಿನುಗಲಿಲ್ಲ. ಪುಡಿ ಒಳಗೆ ಬೆಳಗಿತು. ನಡುವಿನ ಬಿಸಿ ಏರಿದಾಗಲೆಲ್ಲ ಅದು ಮೆಲ್ಲಮೆಲ್ಲನೆ ಹೊರಸರಿದು ನಡುಭಾಗ ಸ್ವಚ್ಛವಾಯಿತು. ನಿಯಂತ್ರಣ ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತರು. ಇಚಿಹಾಶಿ ಕೆಳಗಿಳಿದು ಬಂದು ಮಿಸಾವೊಗೆ ಸೊಂಟ ಬಗ್ಗಿಸಿ ವಂದಿಸಿದ.

ಹೊಸ ಲೇಖನದಲ್ಲಿ ಅವಳ ಹೆಸರು ಐದನೆಯದು. ಇಂಗ್ಲಿಷಿನಲ್ಲಿದ್ದುದರಿಂದ ಅವಳು ಓದಿದ್ದು ಅದೊಂದನ್ನೇ. ಏನು ಬರೆದಿದೆಯೆಂದು ಮನೆಗೆ ಬಂದಿದ್ದ ನಾದಿನಿ ಕೇಳಿದಳು.

"ನಡುಮನೆ ಬೆಚ್ಚಗಿದ್ದಷ್ಟೂ ಕಸ ತಾನಾಗೇ ಆಚೆ ಹೋಗುತ್ತಂತೆ."

"ಹಾಗಾದ್ರೆ ನಿಮ್ಮನೇಲಿ ಇನ್ನೂ ಬೆಚ್ಚಗಾಗಿಲ್ಲ ಬಿಡಿ ಅತ್ತಿಗೆ," ಎಂದಳು ನಾದಿನಿ, ನಡುಮನೆಯ ಮೂಲೆಯ ಕಸ ನೋಡುತ್ತ.