ನಕಾಶೆಯ ಕೆಳಗೆ ಸೂತಕ

ಅಮ್ಮ ತೀರಿಕೊಂಡ ಮರುದಿನ ನಾನು ಮಾಡಿದ ಮೊದಲ ಕೆಲಸ ವೆಬ್‌ಸೈಟಿಗೆ ಸೂಚನೆ ಹಾಕಿದ್ದು. ಅಣ್ಣ-ಅತ್ತಿಗೆ ಮತ್ತಿಘಟ್ಟದ ಹತ್ತಿರದ ನಮ್ಮ ಮನೆಯಲ್ಲೇ ಹೋಮ್‌ಸ್ಟೇ ನಡೆಸುತ್ತಾರೆ. ಶಿರಸಿಯಲ್ಲಿ ವೆಬ್‌ಸೈಟು ಮಾಡಿ ಬದುಕುವ ನಾನೇ ಅವರದ್ದನ್ನೂ ಮಾಡಿಕೊಟ್ಟವ. “ಮನೆಯಲ್ಲಿ ಸೂತಕ. ಹನ್ನೆರಡು ದಿನ ಊಟ, ವಸತಿ ಇಲ್ಲ” ಎಂದು ಕೆಂಪು ಪಟ್ಟಿಯಲ್ಲಿ ಬರೆದೆ. ಲ್ಯಾಪ್‌ಟಾಪಿನಲ್ಲಿ ಚೆಂದ ಕಂಡಿತು. ಅಳು ಬಂದಿರಲಿಲ್ಲ. ಕೈ ಕೆಲಸ ಮಾಡುತ್ತಿತ್ತು, ಅಷ್ಟೇ.

ಮೂರನೇ ದಿನ ಮಧ್ಯಾಹ್ನ ಅಂಗಳಕ್ಕೆ ಒಂದು ಕಾರು ಬಂತು. ಗಂಡ, ಹೆಂಡತಿ, ಜೊತೆಗೊಬ್ಬಳು ಅಜ್ಜಿ. ಅತ್ತಿಗೆ ಒಳಗೆ ಓಡಿಬಂದಳು.

“ತಮಾ, ಸೂಚನೆ ಹಾಕಿದ್ದಿ ಹೇಳಿದ್ಯಲ? ಇವು ಊಟಕ್ಕೆ ಹೇಳಿ ಬೈಂದ. ಸೂತಕದ ಮನೆಲಿ ನೀರೂ ಕೊಡಲೆ ಬತ್ತಿಲ್ಲೆ. ಎಂತ ಮಾಡದು?”

ಹೊರಗೆ ಹೋದೆ. ಆ ಗಂಡಸು ಮೊಬೈಲು ಮುಂದೆ ಹಿಡಿದ. “ಇದರಾಗ ಊಟ ಐತಿ ಅಂತ ಬರದೀರಲ್ರೀ.”

ಬರೆದದ್ದು ಹೌದು. ಅವನ ಮೊಬೈಲಿನಲ್ಲಿ, ದಾರಿ ತೋರಿಸಲೆಂದು ಅದೇ ಪುಟಕ್ಕೆ ಹಾಕಿದ್ದ ಮ್ಯಾಪು ನನ್ನ ಕೆಂಪು ಪಟ್ಟಿಯ ಮೇಲೆ ಹತ್ತಿ ಕೂತಿತ್ತು. ಮ್ಯಾಪಿನಲ್ಲಿ ನಮ್ಮ ಮನೆಯ ಗುರುತು, ಅದರ ಪಕ್ಕದ ಬಿಳಿ ಚೌಕದಲ್ಲಿ ಅಮ್ಮ ಹೇಳಿ ಬರೆಸಿದ್ದ ಸಾಲು: “ಯಾವ ಹೊತ್ತಿಗೆ ಬಂದರೂ ಊಟ ಇದೆ. ಬನ್ನಿ.” ಊರವರಿಗೆಲ್ಲ ವೆಬ್‌ಸೈಟು ಮಾಡಿಕೊಡುವವ ನಮ್ಮನೆಯದನ್ನು ಮೊಬೈಲಿನಲ್ಲಿ ಒಮ್ಮೆಯೂ ತೆರೆದು ನೋಡಿರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನಲ್ಲ.

ವಿಷಯ ಹೇಳಿದೆ. ಆಚೆಮನೆಗಾದರೂ ಕಳಿಸೋಣವೆಂದರೆ ಅವರೂ ದಾಯಾದಿಗಳು, ಅವರಿಗೂ ಸೂತಕ. ಅಜ್ಜಿ ನನ್ನ ಮುಖವನ್ನೇ ನೋಡಿದಳು. “ಅಯ್ಯ ಶಿವನ! ಇರ್ಲಿ ಬಿಡಪಾ, ನಾವು ಹೊಂಡ್ತೀವಿ.” ಕಾರು ತಿರುಗಿತು. ನನಗೆ ನೆನಪಿರುವಂತೆ ನಮ್ಮ ಮನೆಯಿಂದ ಜನ ಹಸಿದುಕೊಂಡು ಹೋದದ್ದು ಅದೇ ಮೊದಲು. ನಾಚಿಕೆಯಾಗಬೇಕಿತ್ತು. ಏನೂ ಆಗಲಿಲ್ಲ.

ಜಗಲಿಯಲ್ಲಿ ಕೂತು ಲ್ಯಾಪ್‌ಟಾಪು ತೆರೆದೆ. ಪುಟದಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದಕ್ಕೆ ಒಂದೊಂದು ಅಂಕಿ ಇರುತ್ತದೆ. ದೊಡ್ಡದು ಮೇಲೆ. ಪಟ್ಟಿಗೆ ನಾನು ಕೊಟ್ಟದ್ದು ಹತ್ತು, ಮ್ಯಾಪಿನದು ಸಾವಿರ. ಲ್ಯಾಪ್‌ಟಾಪಿನಲ್ಲಿ ಎರಡೂ ಅಕ್ಕಪಕ್ಕ ಇದ್ದುದರಿಂದ ಗೊತ್ತಾಗಿರಲಿಲ್ಲ. ಮೊಬೈಲಿನ ಸಣ್ಣ ಜಾಗದಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಹತ್ತನ್ನು ಅಳಿಸಿ ಎರಡು ಸಾವಿರ ಎಂದು ಬರೆದೆ. ಮೊಬೈಲಿನಲ್ಲಿ ತೆರೆದೆ. ಕೆಂಪು ಪಟ್ಟಿ ಮೇಲೆ ಬಂತು.

ಅತ್ತಿಗೆ ಬಗ್ಗಿ ನೋಡಿದಳು.

“ಈಗ ಸರಿ ಆತು, ತಮಾ. ಅತ್ತೆ ಹೇಳಿದ್ದು ಕಾಣ್ತಿಲ್ಲೆ.”

ನನಗೆ ಆಗ ಅಳು ಬಂತು.