ಆಕಾಶಕ್ಕೆ ಚೆಲ್ಲಿದ ಚರಗ

ಹಾರುವ ತಟ್ಟೆಯ ಮಾತು ಬಂದರೆ ಜನ ನಗುತ್ತಾರೆ. ನಗಲಿ. ಬೇರೆ ಲೋಕದವರು ಇದ್ದಾರೋ ಇಲ್ಲವೋ ನನಗೆ ತಿಳಿಯದು; ನಾನು ಕಲಿತದ್ದು ಮೂರನೆಯ ಇಯತ್ತೆಯವರೆಗೆ. ಆದರೆ ಎಂಬತ್ತರ ದಶಕದ ಒಂದು ಎಳ್ಳ ಅಮವಾಸ್ಯೆಯ ಮಧ್ಯಾಹ್ನ ಮೊರಬದ ನಮ್ಮ ಹೊಲದ ಮೇಲೆ ಏನೋ ಒಂದು ನಿಂತಿತ್ತು. ನನ್ನ ತಂಗಿ ನೋಡಿದಳು, ನಾನೂ ನೋಡಿದೆ. ಆಕೆ ನೋಡಿದೆನೆಂದಳು, ನಾನು ಇಲ್ಲವೆಂದೆ. ಇಷ್ಟಕ್ಕೇ ನಿಲ್ಲಿಸಿದರೆ ಮತ್ತೊಮ್ಮೆ ತಪ್ಪಿಸಿಕೊಂಡಂತಾಗುತ್ತದೆ. ಅದಕ್ಕೇ ಎಲ್ಲವನ್ನೂ ಬರೆಯುತ್ತಿದ್ದೇನೆ.

ಎಳ್ಳ ಅಮವಾಸ್ಯೆಗೆ ನಮ್ಮ ಕಡೆ ಭೂಮಿತಾಯಿಗೆ ಉಣಿಸುತ್ತಾರೆ. ಹೊಲದಲ್ಲಿ ಪೂಜೆ ಮಾಡಿ, ರೊಟ್ಟಿ, ಪಲ್ಯ, ಕಡುಬು, ಅನ್ನ ಎಲ್ಲ ಕಲಸಿ, ಸುತ್ತಲಿನ ಬದುಗಳ ಗುಂಟ ಚೆಲ್ಲುತ್ತ ಹೋಗುವುದು. ಅದೇ ಚರಗ. ಒಬ್ಬರು ಚೆಲ್ಲಬೇಕು, ಇನ್ನೊಬ್ಬರು ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ನಡೆಯಬೇಕು. ಇದು ಗಂಡಸರ ಕೆಲಸ. ನಮ್ಮ ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ, ಅಪ್ಪನ ಮೊಣಕಾಲು ಬಾತುಕೊಂಡಿತ್ತು. ತಂಗಿ ಹಠ ಹಿಡಿದು ಬುಟ್ಟಿ ಎತ್ತಿಕೊಂಡಳು. ಹೊಲವೆಂದರೆ ಆಕೆಗೆ ಜೀವ. ಬಾಜು ಹೊಲದ ಕಾಕಾ ಬೇಡವೆಂದ. ಅಪ್ಪ ತಂಬಿಗೆಯನ್ನು ನನ್ನ ಕೈಗೆ ಕೊಟ್ಟ.

ಮೂರು ಬದು ಮುಗಿಸಿ, ಕುಸುಬೆ ಹಾಕಿದ ಕಡೆಗೆ ತಿರುಗುವಾಗ ತಂಗಿ ನಿಂತುಬಿಟ್ಟಳು.

"ಅಕ್ಕಾ, ಮ್ಯಾಲ ನೋಡ."

ಬೆಳಗಿಟ್ಟ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ದುಂಡಗಿತ್ತು, ಕೆಳಗಡೆ ಕಪ್ಪಿತ್ತು. ಗಾಳಿಗೆ ಜೋಳ ಹೊಯ್ದಾಡುತ್ತಿದ್ದರೂ ಅದು ಅಲುಗಲಿಲ್ಲ. ಸಪ್ಪಳವೇ ಇರಲಿಲ್ಲ.

"ವಿಮಾನೇನಬೇ?" ಎಂದೆ.

"ವಿಮಾನ ಹಿಂಗ ನಿಲ್ತೈತೇನ? ಯಾರೋ ಬಂದಾರ. ಉಣ್ಣೂ ಹೊತ್ತಿನ್ಯಾಗ ಬಂದವ್ರನ್ನ ಹಂಗ ಹೆಂಗ ಕಳಸೂದು?"

ಹೀಗೆಂದವಳೇ ಬುಟ್ಟಿಯಲ್ಲಿ ಉಳಿದಿದ್ದ ಚರಗವನ್ನೆಲ್ಲ ಎರಡೂ ಕೈಯಿಂದ ಬಾಚಿ ಮೇಲಕ್ಕೆ ತೂರಿದಳು. ಅನ್ನ, ಕಡುಬು ನಮ್ಮ ತಲೆಯ ಮೇಲೆಯೇ ಬಿದ್ದವು. ನಾನೂ ತಂಬಿಗೆಯ ನೀರನ್ನು ಮೇಲಕ್ಕೆ ಎರಚಿದೆ. ಹೌದು, ನಾನೂ ಎರಚಿದೆ. ಅದು ಸ್ವಲ್ಪ ಹೊತ್ತು ಹಾಗೆಯೇ ಇದ್ದು, ನವಲಗುಂದದ ಕಡೆಗೆ ಸರಿಯುತ್ತ ಸಣ್ಣದಾಗಿ ಇಲ್ಲವಾಯಿತು. ನಾಲ್ಕನೆಯ ಬದುವಿಗೆ ಚೆಲ್ಲಲು ಏನೂ ಉಳಿದಿರಲಿಲ್ಲ.

ಊಟಕ್ಕೆ ಕೂತಿದ್ದವರ ಎದುರು ತಂಗಿ ಎಲ್ಲವನ್ನೂ ಹೇಳಿದಳು. ಮೊದಲು ನಗೆ ಎದ್ದಿತು.

"ಮ್ಯಾಲಿಂದ ವರಾ ಇಳದಿದ್ನೇನವಾ?" ಎಂದ ಕಾಕಾ. "ನಮ್ಮ ಕಡುಬು ರುಚಿ ಹತ್ತಿತಂತೇನು ಅವಂಗ?"

ಆಮೇಲೆ ಆತನ ದನಿ ಬದಲಾಯಿತು. ಭೂಮಿತಾಯಿಯ ಎಡೆಯನ್ನು ಯಾವುದೋ ಗಾಳಿಗೆ ಹಾಕಿ ಬಂದಿದ್ದಾಳೆ, ಒಂದು ಬದು ಉಪವಾಸ ಉಳಿಯಿತು ಎಂದ. ತಂಗಿ ನನ್ನ ಕಡೆ ಕೈ ಮಾಡಿದಳು.

"ಅಕ್ಕನ್ನ ಕೇಳ್ರಿ. ಆಕಿನೂ ನೋಡ್ಯಾಳ."

ಸಂಕ್ರಮಣ ಕಳೆದ ಮೇಲೆ ತಂಬೂರು ಎಂಬ ಊರಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಅವ್ವ ಕಣ್ಣಿನಲ್ಲಿಯೇ ನನ್ನನ್ನು ಹೆದರಿಸಿದಳು. ಆದರೂ ತಪ್ಪನ್ನು ಅವ್ವನ ಮೇಲೆ ಹಾಕುವುದಿಲ್ಲ, ಬಾಯಿ ನನ್ನದು.

"ನಾ ನೆಲಾ ನೋಡಿಕೋತ ಹೊಂಟಿದ್ದೆ ಕಾಕಾ. ನನಗೇನೂ ಕಂಡಿಲ್ಲ."

ತಂಗಿ ನನ್ನ ಹತ್ತಿರ ಬಂದಳು. ನನ್ನ ಕೂದಲಲ್ಲಿ ಸಿಕ್ಕಿದ್ದ ಅನ್ನದ ಅಗಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು.

ಮುಂದೆ ಆಕೆಗೆ ಗಾಳಿ ಸೋಂಕಿದೆ ಎಂದರು. ಗಾಳಿ ಬಿಡಿಸುವವನ ಹತ್ತಿರ ಒಯ್ದರು. ಅವನು ಮೆಣಸಿನಕಾಯಿ ಹೊಗೆ ಹಾಕಿದ, ಬೇವಿನ ಟೊಂಗೆಯಿಂದ ಬಡಿದ. ಹೊರಗೆ ಕೂತು ಆಕೆಯ ಕೆಮ್ಮು ಕೇಳಿದವಳು ನಾನು. ಸುಳ್ಳೆಂದು ಒಂದು ಮಾತು ಹೇಳು, ಮುಗಿದುಹೋಗುತ್ತದೆ ಎಂದು ಬೇಡಿಕೊಂಡೆ.

"ಒಂದ ಮನಿಗೆ ಒಂದ ಸುಳ್ಳ ಸಾಕಬೇ," ಎಂದಳು.

ಆಕೆಗೆ ಹೊಲದ ದಾರಿ ಬಂದ್ ಮಾಡಿದರು. ಕಳೆ ತೆಗೆಯಲೂ ಕರೆಯುತ್ತಿರಲಿಲ್ಲ. ಓಣಿಯ ಹುಡುಗರ ಬಾಯಲ್ಲಿ ಆಕೆ 'ವಿಮಾನದಾಕಿ' ಆದಳು. ನಾನು ಹಸಿರು ಬಳೆ ತೊಟ್ಟು ತಂಬೂರಿಗೆ ಹೋದೆ.

ತಂಬೂರಿನಲ್ಲಿ ನಮ್ಮ ಬಾಜು ಮನೆಯಲ್ಲಿ ಒಬ್ಬ ಮಾಸ್ತರರಿದ್ದರು. ಯಾರೋ ಕಂಡದ್ದು ಎಂಬಂತೆ ಅವರಿಗೆ ಈ ಸಂಗತಿ ಹೇಳಿದೆ. ಹೈದರಾಬಾದಿನ ಕಡೆಯಿಂದ ದೊಡ್ಡ ಬಲೂನು ಬಿಡುತ್ತಾರೆ, ಅದೇ ಇರಬೇಕು ಎಂದರು.

"ಹಂಗಾದ್ರ ಅಲ್ಲಿ ಏನೋ ಇತ್ತು ಅಂದಂಗಾತಲ್ರಿ?"

"ಇತ್ತವಾ. ಇಲ್ಲಾಂದ್ರ ಹೆಂಗ ಕಾಣತಿತ್ತು?"

ಅದು ಬಲೂನು ಎಂದು ನಾನು ಇವತ್ತಿಗೂ ಒಪ್ಪಿಲ್ಲ. ಬಲೂನೇ ಆಗಿದ್ದರೂ ಬೇವಿನ ಟೊಂಗೆಯ ಪೆಟ್ಟು ನನ್ನ ತಂಗಿಗೆ ಬೀಳಬೇಕಾಗಿರಲಿಲ್ಲ.

ಮುಂದಿನ ಎಳ್ಳ ಅಮವಾಸ್ಯೆಗೆ ತವರಿಗೆ ಹೋದಾಗ ಎಲ್ಲರೆದುರು ಹೇಳಿದೆ, ನಾನೂ ನೋಡಿದ್ದೆ ಎಂದು. ಕಾಕಾ ಹಣೆ ಹಣೆ ಬಡಿದುಕೊಂಡ. ತಂಗಿ ಮಾತ್ರ ಒಲೆಯ ಮುಂದಿನಿಂದ ಏಳಲಿಲ್ಲ.

"ಈಗ ಹೇಳಿದ್ರ ನಿಂದೇನ ಹೋಗ್ತೈತಿ? ಲಗ್ನಾ ಆತು, ಬಸರಾದಿ. ಹೇಳೂದಿದ್ರ ನಿನ್ನ ಅತ್ತಿ ಮುಂದ ಹೇಳ ಹೋಗ."

ಆ ಮಾತು ಚುಚ್ಚಿತು, ಯಾಕೆಂದರೆ ಖರೆ ಇತ್ತು. ತಂಬೂರಿಗೆ ಬಂದ ಮರುದಿನವೇ ಅತ್ತೆ, ನಾದಿನಿ, ನೀರಿಗೆ ಬಂದ ನೆರೆಯವರು ಎಲ್ಲ ಇದ್ದಾಗ ಹೇಳಿದೆ: ನೋಡಿದ್ದು, ನೀರು ಎರಚಿದ್ದು, ಸುಳ್ಳಾಡಿದ್ದು. ಹುಚ್ಚಿಯನ್ನು ತನ್ನ ಮಗನಿಗೆ ಕಟ್ಟಿದರೆಂದು ಅತ್ತೆ ಬೀದಿಗೆ ಕೇಳುವಂತೆ ಕೂಗಾಡಿದಳು. ಗಂಡ ಕೆಲವು ದಿನ ಮಾತು ಬಿಟ್ಟ. ದೃಷ್ಟಿ ತೆಗೆಯಲು ಬಂದ ಮುದುಕಿಯನ್ನು ನಾನೇ ಬಾಗಿಲಿನಿಂದ ಹಿಂದಕ್ಕೆ ಕಳಿಸಿದೆ. ನನ್ನ ಮೈಮೇಲೆ ಬಂದದ್ದು ಏನೂ ಇಲ್ಲ, ಕಣ್ಣಿಗೆ ಬಂದದ್ದು ಇದೆ ಎಂದೆ.

ಸುದ್ದಿ ಬಸ್ಸಿಗಿಂತ ಮೊದಲು ಊರು ಮುಟ್ಟಿತು. ತಂಗಿ ಮೊದಲ ಸಲ ನನ್ನ ಮನೆಗೆ ಬಂದಳು. ಅಡುಗೆಮನೆಯಲ್ಲಿ ಕೂತು, ಚಹಾ ಕುಡಿದು, ಕೇಳಿದಳು:

"ಎಷ್ಟ ದೊಡ್ಡದಿತ್ತಂತ ಹೇಳ್ದಿ?"

"ರೊಟ್ಟಿ ಹಂಚಿನಷ್ಟು."

"ಹಂಚ? ನಿನ್ನ ಕಣ್ಣಿಗೇನಾಗಿತ್ತ? ಚಕ್ಕಡಿ ಗಾಲಿಯಷ್ಟಿತ್ತಲ್ಲ!"

"ಹೋಗ ಹೋಗ, ಗಾಲಿಯಂತ ಗಾಲಿ. ನೀ ಹೆದರಿದ್ದಿ, ಅದಕ್ಕ ದೊಡ್ಡದ ಕಂಡೈತಿ."

"ಹೆದರಿದಾಕಿ ನಾನೋ ನೀನೋ?"

ಆಕೆ ಉತ್ತರಕ್ಕೆ ಕಾಯದೆ, ಅದರ ಅಂಚು ಹೇಗಿತ್ತು, ಎಷ್ಟು ಎತ್ತರದಲ್ಲಿತ್ತು ಎಂದು ಮತ್ತೆ ಶುರು ಮಾಡಿದಳು. ಸಂಜೆಯ ತನಕ ಜಗಳಾಡಿದೆವು. ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

"ಇಬ್ಬರೂ ಕೂಡಿ ಒಂದ ಅಳತಿ ಹೇಳ್ರಿ. ಆಮ್ಯಾಲೆ ನಂಬೂದ ನೋಡೂಣು."

ನಾವು ಹೇಳಲಿಲ್ಲ. ನೋಡಿದವರು ನಾವು, ಅಳತೆಯೂ ನಮ್ಮದೇ. ಯಾರ ನಂಬಿಕೆಗಾಗಿಯೂ ಅದನ್ನು ಒಂದಿಷ್ಟೂ ಹಿಗ್ಗಿಸುವುದಿಲ್ಲ, ಕುಗ್ಗಿಸುವುದೂ ಇಲ್ಲ. ನಾನು ಹಂಚಿನಷ್ಟೇ ಎನ್ನುತ್ತೇನೆ. ಆಕೆ ಬೇಕಾದರೆ ಗಾಲಿ ಎನ್ನಲಿ.