ಮೊದಲು ಬ್ರೇಕು, ಆಮೇಲೆ ಇಂಜಿನ್ನು

ಸಾರಕ್ಕಿ ಸಿಗ್ನಲ್‌ನಲ್ಲಿ ನನ್ನ ಕಾರು ಕೈಕೊಟ್ಟ ದಿನ ಸ್ಟೇರಿಂಗ್ ಹಿಡಿದಿದ್ದವಳು ನಾನಲ್ಲ. ನಿವೃತ್ತರಾದ ಒಬ್ಬ ನರ್ಸ್, ಅರವತ್ತೊಂದು ವರ್ಷದವರು, ಓಡಿಸುತ್ತಿದ್ದರು. ನಾನು ಅವರ ಎಡಕ್ಕೆ ಕೂತಿದ್ದೆ. ಅದೇ ನನ್ನ ಕೆಲಸ. ಲೈಸೆನ್ಸ್ ಕೈಗೆ ಬಂದು ವರ್ಷಗಳೇ ಆಗಿದ್ದರೂ ಗೇಟಿನಿಂದಾಚೆ ಕಾರು ತೆಗೆಯಲು ಹೆದರುವ ಹೆಂಗಸರು ಜಯನಗರ, ಜೆ.ಪಿ. ನಗರ, ಬನಶಂಕರಿಯಲ್ಲಿ ಬೀದಿಗೆ ನಾಲ್ಕು ಜನ ಸಿಗುತ್ತಾರೆ. ಡ್ರೈವಿಂಗ್ ಸ್ಕೂಲಿನವರು ಪರೀಕ್ಷೆ ಪಾಸು ಮಾಡಿಸಿ ಕೈ ತೊಳೆದುಕೊಳ್ಳುತ್ತಾರೆ. ಬಸ್ಸು, ಟಿಪ್ಪರ್, ಆಟೊಗಳ ನಡುವೆ ಧೈರ್ಯ ಬರುವ ತನಕ ಪಕ್ಕದಲ್ಲಿ ಯಾರಾದರೂ ಕೂರಬೇಕಲ್ಲ, ನಾನು ಕೂರುತ್ತೇನೆ. ನನ್ನದೇ ಕಾರಿನಲ್ಲಿ.

ಆ ಕಾರಿಗೆ ಇಪ್ಪತ್ತೈದು ವರ್ಷ ದಾಟಿದೆ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಶುರು ಮಾಡಬೇಕಾದ, ಕಾರ್ಬೊರೇಟರ್ ಇರುವ ಕಾಲದ ಗಾಡಿ. ಇದನ್ನು ಮಾರು ಎಂದು ಹೇಳದ ನೆಂಟರು ನನಗಿಲ್ಲ. ಅವರೇ, ನಾನು ಮೂವತ್ತೆಂಟನೇ ವಯಸ್ಸಿನಲ್ಲಿ ಕಾರು ಕಲಿಯುತ್ತೇನೆ ಎಂದಾಗ ನಕ್ಕವರು. ಆ ನಗು ನನ್ನ ಕಿವಿಯಲ್ಲಿ ಎಷ್ಟು ದಿನ ಉಳಿಯಿತೆಂದರೆ, ಅದನ್ನು ಓಡಿಸಲೆಂದೇ ನಾನು ದಿನಾ ಬೆಳಿಗ್ಗೆ ಕಾರು ತೆಗೆಯುತ್ತಿದ್ದೆ.

ನರ್ಸಮ್ಮನದು ಅವತ್ತು ಒಂಬತ್ತನೆಯ ದಿನ. ಕನಕಪುರ ರಸ್ತೆಗೆ ಮೊದಲ ಸಲ ಬಂದಿದ್ದರು. ಸಿಗ್ನಲ್ ಕೆಂಪಾಗಿತ್ತು, ಮುಂದೆ ಬಸ್ಸು ನಿಂತಿತ್ತು.

"ಮೇಡಂ, ಬ್ರೇಕ್ ಕಲ್ಲಾಗಿದೆ" ಎಂದರು.

"ಒತ್ತಿ ಅಕ್ಕಾ, ಹೆದರ್ಬೇಡಿ, ಒತ್ತಿ!"

ಸೀಟಿನಿಂದ ಅರ್ಧ ಎದ್ದು ಒತ್ತಿದರು. ಬಸ್ಸಿಗೆ ಒಂದು ಮೊಳ ಬಾಕಿ ಇರುವಾಗ ಕಾರು ನಿಂತಿತು. ನಿಂತದ್ದೇ ಗಡಗಡ ನಡುಗಿ ಇಂಜಿನ್ನೂ ಆರಿಹೋಯಿತು. ಮತ್ತೆ ಕೀ ತಿರುಗಿಸಿದರು. ಶುರುವಾಯಿತು, ಎರಡು ಉಸಿರು ಎಳೆದು ಸತ್ತಿತು. ಮತ್ತೆ ಶುರು, ಮತ್ತೆ ಸಾವು. ಅಷ್ಟರಲ್ಲಿ ಸಿಗ್ನಲ್ ಹಸಿರಾಗಿ ಹಿಂದಿನಿಂದ ಹಾರ್ನ್‌ಗಳು ಕಿವಿ ಹರಿಯತೊಡಗಿದವು. ಪಕ್ಕಕ್ಕೆ ಬಂದ ಬೈಕಿನವನೊಬ್ಬ ಕಿಟಕಿಗೆ ಬಗ್ಗಿ, "ಆಂಟಿ, ಮನೇಲಿ ಆರಾಮಾಗಿರೋದು ಬಿಟ್ಟು ಯಾಕ್ ಬೇಕಿತ್ತು ಇದೆಲ್ಲ?" ಎಂದ.

ನಾನು ಬಾಗಿಲು ತೆಗೆದು ಇಳಿದೆ. "ಬಾಯಿ ಇರೋಷ್ಟು ಕೈಯೂ ಇದ್ರೆ ಗಾಡಿ ನಿಲ್ಸಿ ಬಂದು ತಳ್ಳಪ್ಪಾ. ಇಲ್ಲಾಂದ್ರೆ ದಾರಿ ನೋಡ್ಕೊ."

ಅವನು ದಾರಿ ನೋಡಿಕೊಂಡ. ಇಬ್ಬರು ಆಟೊದವರು ಬಂದು ಕಾರನ್ನು ಪಕ್ಕಕ್ಕೆ ತಳ್ಳಿಕೊಟ್ಟರು. ನರ್ಸಮ್ಮ ಫುಟ್‌ಪಾತಿನ ಮೇಲೆ ನಿಂತು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. "ನಂದೇ ತಪ್ಪಲ್ವಾ ಮೇಡಂ?" ಎಂದು ಕೇಳಿದರು.

"ಕ್ಲಚ್ ಸ್ವಲ್ಪ ಬೇಗ ಬಿಟ್ಬಿಟ್ರಿ ಅನ್ಸುತ್ತೆ. ಪರವಾಗಿಲ್ಲ ಬಿಡಿ, ಎಲ್ರಿಗೂ ಆಗುತ್ತೆ" ಎಂದೆ.

ಸಮಾಧಾನವೆಂದುಕೊಂಡೇ ಆಡಿದ ಮಾತು ಅದು. ಆದರೆ ಅವರ ಮುಖ ಇಳಿದುಹೋದದ್ದು ನನಗೆ ಕಂಡಿತು. ಮೆಟ್ರೊ ಹತ್ತಿ ಹೋಗುತ್ತೇನೆಂದು ಹೊರಟುಹೋದರು.

ಚಿಕ್ಕಲಸಂದ್ರದಲ್ಲಿ ನಾನು ಯಾವಾಗಲೂ ಹೋಗುವ ಗ್ಯಾರೇಜಿನ ಮೆಕ್ಯಾನಿಕ್ ಬಂದು ತನ್ನ ವ್ಯಾನಿಗೆ ಹಗ್ಗ ಕಟ್ಟಿ ಕಾರನ್ನು ಎಳೆದುಕೊಂಡು ಹೋದ. ಪ್ಲಗ್ ಬದಲಾಯಿಸಿದ, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದು ಜೋಡಿಸಿದ. ಎರಡು ದಿನ ಹೀಗೆ ಕಳೆಯಿತು. ಕಾರು ಮಾತ್ರ ಶುರುವಾಗುತ್ತಿತ್ತು, ಸಾಯುತ್ತಿತ್ತು.

ಮೂರನೆಯ ದಿನ ಅವನು ಫೋನ್ ಮಾಡಿದ. ನನಗಲ್ಲ, ನನ್ನ ಗಂಡನಿಗೆ.

"ಕಾರ್ಬೊರೇಟರೇ ಹೋಗಿದೆಯಂತೆ. ಈಗ ಅದು ಎಲ್ಲೂ ಸಿಗಲ್ವಂತೆ. ಗುಜರಿಗೆ ಹಾಕ್ಬಿಡಿ ಸಾರ್ ಅಂದ" ಎಂದು ಗಂಡ ಊಟದ ಮಧ್ಯೆ ಹೇಳಿದರು. "ಅವ್ನು ಹೇಳೋದೂ ಸರೀನೇ ಅನ್ಸುತ್ತೆ ಕಣೇ."

"ಕಾರು ಯಾರ ಹೆಸ್ರಲ್ಲಿದೆ?"

"ನಿನ್ನ ಹೆಸ್ರಲ್ಲಿ."

"ಓಡ್ಸೋದು ಯಾರು?"

"ನೀನೇ. ಅದಕ್ಕೀಗ ಏನು?"

"ಮತ್ತೆ ಅವ್ನು ನಿಮಗ್ಯಾಕೆ ಫೋನ್ ಮಾಡ್ದ?"

ಗಂಡ ಹುಳಿ ಬಡಿಸಿಕೊಂಡರು. ಊಟವಾದ ಮೇಲೆ ಸೀದಾ ಗ್ಯಾರೇಜಿಗೆ ಹೋದೆ.

ಮೆಕ್ಯಾನಿಕ್ ಕೆಟ್ಟವನಲ್ಲ. ವರ್ಷಗಟ್ಟಲೆ ಆ ಕಾರನ್ನು ಓಡುವ ಸ್ಥಿತಿಯಲ್ಲಿ ಇಟ್ಟವನೇ ಅವನು. ಆದರೆ ನನಗೆ ವಿವರಿಸುವಾಗ ಅವನ ಕಣ್ಣು ನನ್ನ ಹೆಗಲಿನಾಚೆ ಬೇರೆ ಯಾರನ್ನೋ ಹುಡುಕುತ್ತದೆ. "ದಿನಾ ಒಬ್ಬೊಬ್ಬ ಲೇಡೀಸ್ ಕೈಗೆ ಕೊಡ್ತೀರ ಮೇಡಂ. ಗಾಡಿ ಎಷ್ಟು ಅಂತ ತಡ್ಕೊಳುತ್ತೆ? ಹಾಳಾಗದೆ ಇನ್ನೇನು?"

"ಲೇಡೀಸ್ ಓಡ್ಸಿದ್ರೆ ಕಾರ್ಬೊರೇಟರ್ ಹೇಗೆ ಹಾಳಾಗುತ್ತೆ, ಸ್ವಲ್ಪ ಹೇಳಿಕೊಡಿ ನೋಡೋಣ."

ಅವನು ಸ್ಪ್ಯಾನರ್ ಒರೆಸತೊಡಗಿದ.

ನಾನು ಕಾರಿನೊಳಗೆ ಕೂತು ಕೀ ತಿರುಗಿಸಿದೆ. ಆಕ್ಸಿಲರೇಟರ್ ಮೇಲೆ ಕಾಲಿಟ್ಟಿರುವಷ್ಟು ಹೊತ್ತು ಇಂಜಿನ್ ಬದುಕಿತ್ತು. ಕಾಲು ತೆಗೆದ ಕ್ಷಣ ಆರಿತು. ಚೋಕ್ ಅರ್ಧ ಎಳೆದು ನೋಡಿದೆ. ಕಾಲು ತೆಗೆದರೂ ನಡುಗುತ್ತ ಉಳಿಯಿತು. ಚೋಕ್ ಒಳಗೆ ತಳ್ಳಿದೆ, ಆರಿತು. ಚೋಕ್ ಮಾಡುವುದು ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚು ಮಾಡುವ ಕೆಲಸ, ಅಷ್ಟು ನನಗೆ ಗೊತ್ತು. ಹಾಗಾದರೆ ಇಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಬೇಡದ ಕಡೆಯಿಂದ ಗಾಳಿ ಜಾಸ್ತಿ ನುಗ್ಗುತ್ತಿದೆ. ಪೆಟ್ರೋಲ್ ಬರುವ ದಾರಿಯನ್ನೆಲ್ಲ ಮೆಕ್ಯಾನಿಕ್ ತೊಳೆದಾಗಿತ್ತು. ಗಾಳಿ ಎಲ್ಲಿಂದ? ಅದನ್ನು ಕೇಳಿದೆ.

"ಎಲ್ಲಾ ನೋಡಿದೀನಿ ಮೇಡಂ. ಎಲ್ಲೂ ಲೀಕಿಲ್ಲ. ಹಳೇ ಗಾಡಿ, ಅಷ್ಟೆ."

ಹಳೆಯದು ಅನ್ನುವುದು ಒಂದು ಕಾಯಿಲೆಯ ಹೆಸರೇ? ಆ ಮಾತಿಗೆ ನನಗೆ ಬಂದ ಸಿಟ್ಟು ಕಾರಿನ ಸಲುವಾಗಿ ಮಾತ್ರ ಬಂದದ್ದಲ್ಲ. ನನಗೂ ಐವತ್ತು ಆಗಿತ್ತು. "ಗುಜರಿಯವ್ರಿಗೆ ಯಾರಾದ್ರೂ ಫೋನ್ ಮಾಡಿದ್ರೆ ನೋಡಿ. ನಾಳೆ ಬರ್ತೀನಿ" ಎಂದು ಬಸ್ ಸ್ಟಾಪಿಗೆ ನಡೆದೆ.

ಬಸ್ಸಿಗೆ ಕಾಯುತ್ತಿದ್ದಾಗ ನರ್ಸಮ್ಮನ ಫೋನ್ ಬಂತು. ಇನ್ನು ಬರುವುದಿಲ್ಲ, ತಮಗೆ ಇದು ಆಗಿಬರುವುದಿಲ್ಲ ಎಂದು ಹೇಳಲು ಮಾಡಿದ್ದರು.

"ಮನೇಲೂ ಹೇಳ್ಬಿಟ್ಟೆ ಮೇಡಂ, ಸಾಕು ಅಂತ. ಆದ್ರೆ ಒಂದ್ ಮಾತು. ನಾನು ಕ್ಲಚ್ ಬಿಟ್ಟಿರ್ಲಿಲ್ಲ."

"ಆಯ್ತು ಅಕ್ಕ..."

"ಆಯ್ತು ಅನ್ಬೇಡಿ, ಪೂರ್ತಿ ಕೇಳಿ. ಮೂವತ್ತೈದು ವರ್ಷ ವಾರ್ಡಲ್ಲಿ ಕೆಲ್ಸ ಮಾಡಿದೀನಿ. ಜ್ವರ ಮೊದ್ಲು ಬಂತಾ, ವಾಂತಿ ಮೊದ್ಲು ಬಂತಾ ಅಂತ ಕೇಳದೆ ಒಬ್ರ ಹತ್ರಾನೂ ನಾನು ಹೋದವಳಲ್ಲ. ಕಾರಲ್ಲಿ ಮೊದ್ಲು ಬ್ರೇಕ್ ಗಟ್ಟಿ ಆಯ್ತು. ಆಗ ಇಂಜಿನ್ ಓಡ್ತಾನೇ ಇತ್ತು. ಆಮೇಲೆ ಇಂಜಿನ್ ನಿಂತಿದ್ದು. ನಾನು ಅವಾಗ್ಲೇ ನಿಮಗೆ ಹೇಳ್ದೆ."

ಹೌದು, ಹೇಳಿದ್ದರು. ಬ್ರೇಕ್ ಕಲ್ಲಾಗಿದೆ ಎಂದಿದ್ದರು. ಹೆದರಿಕೆಗೆ ಕಾಲು ಮರಗಟ್ಟಿರಬೇಕೆಂದುಕೊಂಡು ನಾನು ಒತ್ತಿ ಒತ್ತಿ ಎಂದಿದ್ದೆ. ಇಂಜಿನ್ ಆರಿದ ಮೇಲೆ ಯಾವ ಕಾರಿನ ಬ್ರೇಕಾದರೂ ಗಟ್ಟಿಯಾಗುತ್ತದೆ, ಆದ್ದರಿಂದ ಆಮೇಲೂ ನನಗೆ ಅದು ಹೊಳೆಯಲಿಲ್ಲ. ಗ್ಯಾರೇಜಿನಲ್ಲಿ ಕಾರು ನಿಂತಲ್ಲೇ ನಿಂತಿತ್ತು, ಬ್ರೇಕ್ ಒತ್ತುವ ಕೆಲಸ ಯಾರಿಗೂ ಬಿದ್ದಿರಲಿಲ್ಲ. ಬೈಕಿನವನು ಆಂಟಿ ಎಂದು ನಕ್ಕದ್ದಕ್ಕೆ ಮೈಯುರಿದು ಇಳಿದವಳು ನಾನು. ಪಕ್ಕದಲ್ಲಿ ಕೂತ ಹೆಂಗಸು ಕಂಡದ್ದನ್ನು ಕಂಡ ಹಾಗೇ ಹೇಳಿದರೆ ನಾನೂ ಕೇಳಿಸಿಕೊಂಡಿರಲಿಲ್ಲ. ನಾಚಿಕೆಯಾಯಿತು.

"ಅಕ್ಕ, ನಾಳೆ ಬೆಳಿಗ್ಗೆ ಚಿಕ್ಕಲಸಂದ್ರಕ್ಕೆ ಬರ್ತೀರಾ?" ಎಂದೆ. "ಕಾರು ಕಲಿಯೋಕಲ್ಲ. ನನಗೆ ಒಂದು ಕಾಲು ಬೇಕು."

ಬ್ರೇಕನ್ನು ಹಗುರ ಮಾಡಲು ಒಂದು ಡಬ್ಬ ಇರುತ್ತದೆ, ಬೂಸ್ಟರ್ ಎನ್ನುತ್ತಾರೆ. ಇಂಜಿನ್ ಒಂದು ರಬ್ಬರ್ ಪೈಪಿನ ಮೂಲಕ ಅದರೊಳಗಿನ ಗಾಳಿಯನ್ನು ಹೀರಿಕೊಳ್ಳುತ್ತಿರುತ್ತದೆ. ಆ ಪೈಪು ಒಡೆದರೆ ಬ್ರೇಕಿಗೂ ಬಲವಿಲ್ಲ, ಹೊರಗಿನ ಗಾಳಿಯೂ ಇಂಜಿನ್ನಿಗೆ ನುಗ್ಗುತ್ತದೆ. ಬೆಳಗಾಗುವ ತನಕ ಇದೇ ತಲೆಯಲ್ಲಿತ್ತು.

ಬೆಳಿಗ್ಗೆ ನರ್ಸಮ್ಮ ನನಗಿಂತ ಮೊದಲೇ ಬಂದು ಗ್ಯಾರೇಜಿನ ಮುಂದೆ ನಿಂತಿದ್ದರು. ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ಹಾಕಿಸಿ, ನಾನು ಬಾನೆಟ್ ಎತ್ತಿದೆ.

"ಮೇಡಂ, ಸೀರೆ ಕೊಳೆ ಆಗುತ್ತೆ" ಎಂದ ಮೆಕ್ಯಾನಿಕ್.

"ಒಗೀತೀನಿ."

ನರ್ಸಮ್ಮ ಆಕ್ಸಿಲರೇಟರ್ ಹಿಡಿದಿದ್ದರು, ಇಂಜಿನ್ ಓಡುತ್ತಿತ್ತು. ಬಗ್ಗಿ ಕಿವಿಗೊಟ್ಟೆ. ಮೊದಲು ಬರೀ ಗದ್ದಲ. ಆಮೇಲೆ ಗದ್ದಲದೊಳಗೆ ಇಂಜಿನ್ ಹಿಂದಿನ ತಗಡಿನ ಗೋಡೆಯ ಬಳಿ ಒಂದು ಸಣ್ಣ ಶಬ್ದ, ಕುಕ್ಕರ್ ಸರಿಯಾಗಿ ಮುಚ್ಚದಿದ್ದಾಗ ಬರುವಂಥ ಸುಯ್ ಶಬ್ದ. ಪೈಪನ್ನು ಮೇಲಿನಿಂದ ನೋಡಿದರೆ ಏನೂ ಆಗಿರಲಿಲ್ಲ. ಕೈ ಕೆಳಗೆ ಹಾಕಿ ಸವರಿದೆ. ಬೂಸ್ಟರಿನ ಹತ್ತಿರ ಅಡಿಭಾಗದಲ್ಲಿ, ಬೆರಳಿನ ಉದ್ದಕ್ಕೆ ಸೀಳಿತ್ತು. ಸೀಳು ನನ್ನ ಬೆರಳ ತುದಿಯನ್ನು ಒಳಕ್ಕೆ ಹೀರಿತು.

ಅಲ್ಲಿದ್ದ ಬಟ್ಟೆ ಸುತ್ತಿ, ಸೀಳಿಗಿಂತ ಈಚೆ, ಇಂಜಿನ್ ಕಡೆಗೆ, ಎರಡೂ ಕೈಯಲ್ಲಿ ಪೈಪನ್ನು ಹಿಸುಕಿ ಹಿಡಿದೆ.

"ಅಕ್ಕ, ಕಾಲ್ ತೆಗೀರಿ."

"ನಿಂತ್ಹೋಗುತ್ತಲ್ಲ!"

"ತೆಗೀರಿ ನೀವು."

ತೆಗೆದರು. ಇಂಜಿನ್ ನಿಲ್ಲಲಿಲ್ಲ. ಮೂರು ದಿನದಿಂದ ಎರಡು ಉಸಿರಿಗಿಂತ ಹೆಚ್ಚು ಬದುಕದ ಇಂಜಿನ್, ಏನೂ ಆಗಿಲ್ಲವೆಂಬಂತೆ ತಣ್ಣಗೆ ಓಡಿತು. ಕೈ ಬಿಟ್ಟೆ, ನಡುಗಿ ಆರಿತು. ಮತ್ತೆ ಶುರು ಮಾಡಿಸಿದೆ, ಹಿಸುಕಿದೆ, ಓಡಿತು. ಮೂರನೆಯ ಸಲ ಮೆಕ್ಯಾನಿಕನನ್ನು ಕರೆದು, "ನೀವೇ ಹಿಡ್ಕೊಳಿ" ಎಂದೆ. ಹಿಡಿದ. ಬಿಟ್ಟ. ಹಿಡಿದ.

"ಇದೂ ಇರ್ಬೋದು ಮೇಡಂ" ಎಂದ ಕೊನೆಗೆ. "ಆದ್ರೂ ಕಾರ್ಬೊರೇಟರ್ ಸವೆದಿದೆ."

ನರ್ಸಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಸವೆದಿರ್ಲಿ ಬಿಡಪ್ಪಾ. ನನ್ನ ಮಂಡೀನೂ ಸವೆದಿದೆ. ನಡೀತಿಲ್ವಾ?"

ಆ ಪೈಪು ತನ್ನಲ್ಲಿಲ್ಲ, ತರಿಸಲು ವಾರವಾಗುತ್ತದೆ ಎಂದ. ವಾರ ಕಾಯುವವರು ಯಾರು? ಹಳೆಯ ತುಂಡನ್ನು ಕತ್ತರಿಸಿಕೊಂಡು ಆಟೊ ಹತ್ತಿ ಬನಶಂಕರಿಯ ಎರಡು ಸ್ಪೇರ್ ಪಾರ್ಟ್ಸ್ ಅಂಗಡಿ ಅಲೆದು, ಎರಡನೆಯದರಲ್ಲಿ ಅದೇ ಗಾತ್ರದ್ದು ಸಿಕ್ಕಿ, ಹನ್ನೊಂದೂವರೆಗೆ ವಾಪಸು ಬಂದೆ. ಸ್ಕ್ರೂಡ್ರೈವರ್ ಕೇಳಿದೆ. ಕೊಟ್ಟ. ಹಾಕಿಕೊಡುತ್ತೇನೆ ಎಂದು ಅವನೂ ಹೇಳಲಿಲ್ಲ, ಹಾಕಿಕೊಡಿ ಎಂದು ನಾನೂ ಕೇಳಲಿಲ್ಲ.

ಕ್ಲಿಪ್ ಬಿಗಿದು ಶುರು ಮಾಡಿಸಿದೆ. ಇಂಜಿನ್ ಚೆನ್ನಾಗಿ ಓಡಿತು. ಆದರೆ ನರ್ಸಮ್ಮ ಬ್ರೇಕ್ ಒತ್ತಿ, "ಮೇಡಂ, ಇನ್ನೂ ಕಲ್ಲೇ" ಎಂದರು. ಈ ಸಲ ನಾನು ಒತ್ತಿ ಎನ್ನಲಿಲ್ಲ. ಇಂಜಿನ್ ನಿಲ್ಲಿಸಿ ಮತ್ತೆ ಪೈಪಿನ ಉದ್ದಕ್ಕೂ ನೋಡಿದೆ. ಏನೂ ತಿಳಿಯಲಿಲ್ಲ. ಹಿಂದೆ ಇನ್ನೊಂದು ಗಾಡಿಯ ಕೆಳಗೆ ಮಲಗಿದ್ದ ಮೆಕ್ಯಾನಿಕ್ ಅಲ್ಲಿಂದಲೇ ಕೂಗಿದ:

"ಪೈಪ್ ಮಧ್ಯ ಗಾಳೀನ ಒಂದೇ ಕಡೆ ಬಿಡೋ ವಾಲ್ವ್ ಇದೆಯಲ್ಲ, ಅದ್ರ ಮೇಲೆ ಬಾಣ ಇರುತ್ತೆ. ಇಂಜಿನ್ ಕಡೆ ತಿರುಗಿರ್ಬೇಕು ಮೇಡಂ."

ಹಳೆಯ ವಾಲ್ವನ್ನು ಹೊಸ ಪೈಪಿಗೆ ಸಿಕ್ಕಿಸುವಾಗ ನಾನು ತಿರುಗುಮುರುಗು ಹಾಕಿದ್ದೆ. ಬಿಚ್ಚಿ ಸರಿ ಮಾಡಿದೆ. "ಥ್ಯಾಂಕ್ಸ್ ಗುರು" ಎಂದು ಕೂಗಿದೆ. ಗಾಡಿಯ ಕೆಳಗಿನಿಂದ ಒಂದು ಕೈ ಹೊರಬಂದು ಅಲ್ಲಾಡಿತು. ಆ ಹೊತ್ತಿಗೆ ನನಗೆ ಅವನ ಮೇಲಿದ್ದ ಸಿಟ್ಟು ಮುಕ್ಕಾಲು ಪಾಲು ಇಳಿಯಿತು. ಕಾಲು ಪಾಲು ಇನ್ನೂ ಇದೆ, ಇಟ್ಟುಕೊಂಡಿದ್ದೇನೆ.

ನರ್ಸಮ್ಮ ಬ್ರೇಕ್ ಒತ್ತಿದರು. ಪೆಡಲು ಮೆತ್ತಗೆ ಇಳಿಯಿತು. ಅವರು ಅದನ್ನು ನಾಲ್ಕೈದು ಸಲ ಸುಮ್ಮನೆ ಒತ್ತಿ ಒತ್ತಿ ನೋಡಿದರು.

"ಅಕ್ಕ, ಅವತ್ತು ನಿಮ್ಮ ಮಾತು ನಾನು ಕೇಳ್ಬೇಕಿತ್ತು" ಎಂದೆ. "ಕ್ಲಚ್ಚಿನ ಮಾತು ಹೇಳ್ಬಾರ್ದಿತ್ತು. ತಪ್ಪು ನಂದು."

"ಹೌದು" ಎಂದರು. ಪರವಾಗಿಲ್ಲ ಎನ್ನಲಿಲ್ಲ, ಬಿಡಿ ಎನ್ನಲಿಲ್ಲ. ಅದು ನನಗೆ ಹಿಡಿಸಿತು. ನಾನು ಬಾನೆಟ್ ಮುಚ್ಚಿ ಸೀಟು ಬದಲಾಯಿಸಲು ಆ ಕಡೆ ಬಂದರೆ, ಅವರು ಜಾಗ ಬಿಡಲಿಲ್ಲ. ಬೆಲ್ಟ್ ಹಾಕಿಕೊಳ್ಳುತ್ತಿದ್ದರು.

"ಸಾಕು ಅಂತ ಮನೇಲಿ ಹೇಳ್ಬಿಟ್ಟಿದೀರಲ್ಲ?"

"ಹೇಳಿದ್ದೆ. ಇವಾಗ ಬೇರೆ ಹೇಳ್ತೀನಿ. ಹತ್ತಿ ಮೇಡಂ."

ಆ ಗ್ಯಾರೇಜಿನ ಗೇಟು ಬಹಳ ಕಿರಿದು. ಕಾರನ್ನು ಹಿಂದಕ್ಕೆ ತೆಗೆಯಬೇಕು, ಒಂದು ಪಕ್ಕ ಕಲ್ಲಿನ ಕಂಬ, ಇನ್ನೊಂದು ಪಕ್ಕ ಚರಂಡಿ. ಮೆಕ್ಯಾನಿಕ್ ಓಡಿಬಂದು ಎರಡೂ ಕೈ ಎತ್ತಿ, "ರೈಟ್ ರೈಟ್, ಇಲ್ಲ ಲೆಫ್ಟ್, ಲೆಫ್ಟ್ ಕಟ್ ಮಾಡಿ, ಆಂಟಿ ನಿಲ್ಸಿ ನಿಲ್ಸಿ" ಎಂದು ಕುಣಿಯತೊಡಗಿದ. ನರ್ಸಮ್ಮ ಬ್ರೇಕ್ ಒತ್ತಿ ಕಾರನ್ನು ನಿಲ್ಲಿಸಿ, ಗಾಜು ಇಳಿಸಿದರು.

"ನೀನು ಸ್ವಲ್ಪ ಆ ಕಡೆ ಹೋಗಿ ನಿಂತ್ಕೊಳಪ್ಪಾ. ನನಗೆ ಕನ್ನಡಿ ಕಾಣಿಸ್ತಿಲ್ಲ."

ಅವನು ಹೋಗಿ ನಿಂತ. ಕಾರು ಇಂಚು ಇಂಚಾಗಿ ಹಿಂದೆ ಸರಿಯಿತು. ಎಡಗಡೆ ಬಂಪರ್ ಕಂಬಕ್ಕೆ ಸ್ವಲ್ಪ ಉಜ್ಜಿದ ಸದ್ದು ನನಗೂ ಕೇಳಿಸಿತು, ಅವರಿಗೂ ಕೇಳಿಸಿತು. ರಸ್ತೆಗೆ ಬಂದ ಮೇಲೆ ಅವರು ಗೇರ್ ಬದಲಾಯಿಸಿ, ಇಂಡಿಕೇಟರ್ ಹಾಕಿ, ಉತ್ತರಹಳ್ಳಿ ಕಡೆಯಿಂದ ಬರುತ್ತಿದ್ದ ಬಸ್ಸನ್ನು ಮುಂದೆ ಹೋಗಲು ಬಿಟ್ಟು, ಅದರ ಹಿಂದೆಯೇ ಹೊರಟರು.